ಸರ್ಕಾರಿ ವಕೀಲರ ಮೀಸೆ

ಮಾರ್ಚ್ 3

ಮಗಳಿಗೆ ಆಶೀರ್ವಾದ.

ನಿನ್ನೆ ನೀನು ಬಿಟ್ಟೂ ಬಿಡದೆ ಫೋನ್ ಮಾಡಿದ್ದನ್ನು ನೋಡಿದೆ. ಎತ್ತಲಿಲ್ಲ. ಇನ್ನು ಮೇಲೂ ಎತ್ತುವುದಿಲ್ಲ. ಆ ಡಬ್ಬಿ ಹಿಡಿದುಕೊಂಡರೆ ನನಗೆ ತಲೆನೋವು. ಅಲ್ಲದೆ ನೀನು ಮಾತಾಡುವುದೆಲ್ಲಿ ಬಂತು, ಪಾಟೀಸವಾಲು ಮಾಡುತ್ತೀಯ. ಏನು ಹೇಳುವುದಿದ್ದರೂ ಕಾಗದ ಬರೆ. ಅಂಚೆಯವನಿಗೂ ಕೆಲಸ ಸಿಕ್ಕಿದ ಹಾಗಾಗುತ್ತದೆ, ನಿನ್ನ ಸಿಟ್ಟೂ ದಾರಿಯಲ್ಲಿ ಸ್ವಲ್ಪ ಆರುತ್ತದೆ.

ಪುಟ್ಟಿಯ ವಿಷಯ ಮತ್ತೆ ಎತ್ತಬೇಡ. ನೀನು ಸ್ನಾನಕ್ಕೆ ಹೋಗಿದ್ದಾಗ ಮಗು ಅತ್ತಿತು, ನಾನು ಪಕ್ಕದ ಕೋಣೆಯಲ್ಲಿ ಓದುತ್ತಾ ಕೂತಿದ್ದೆ, ನಿಜ. ಅಳದೆ ಯಾವ ಮಗು ಬೆಳೆದಿದೆ? ನೀನೂ ಅತ್ತೇ ದೊಡ್ಡವಳಾದೆ. ಈಗ ಕೋರ್ಟಿನಲ್ಲಿ ಕಂಡವರನ್ನೆಲ್ಲ ಅಳಿಸುತ್ತೀಯ.

ಇಲ್ಲಿ ಬೇರೆ ಏನೋ ನಡೆಯುತ್ತಿದೆ. ನಮ್ಮ ಧಾರಾವಾಹಿಯ ಸರ್ಕಾರಿ ವಕೀಲ ಮೀಸೆ ತೆಗೆದು ಬಂದಿದ್ದಾನೆ. ಅವನನ್ನು ನಾವೆಲ್ಲ ಪಾತ್ರದ ಹೆಸರಿನಿಂದಲೇ ಪಿ.ಪಿ., ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್, ಅನ್ನುವುದು, ಜಡ್ಜಿನ ಪಾತ್ರದ ನನ್ನನ್ನು ಅವರೆಲ್ಲ ಜಡ್ಜಮ್ಮ ಅನ್ನುವ ಹಾಗೆ. ಆ ಮೀಸೆಗೆ ಅವನು ಮಾಡುತ್ತಿದ್ದ ಆರೈಕೆಯನ್ನು ನೀನು ನೋಡಬೇಕಿತ್ತು. ಎಣ್ಣೆಯೇನು, ಪುಟ್ಟ ಬಾಚಣಿಗೆಯೇನು! ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ. ಅಂಥವನು ಒಂದು ಬೆಳಿಗ್ಗೆ ಬೋಳು ಮುಖ ಹೊತ್ತು ಬಂದು ನಿಂತ. “ಯಾಕಪ್ಪಾ, ಏನಾಯ್ತು?” ಅಂದೆ. “ಸೆಖೆ ಅಮ್ಮಾ” ಅಂದ. ಸೆಖೆಯಂತೆ! ಇಷ್ಟು ವರ್ಷದಿಂದ ಇಲ್ಲದ ಸೆಖೆ ಈಗೆಲ್ಲಿಂದ ಬಂತು? ವಯಸ್ಸು ಕಡಿಮೆ ಕಾಣಿಸಿಕೊಂಡು ಯಾರನ್ನೋ ಒಲಿಸಿಕೊಳ್ಳುವ ಹುನ್ನಾರ ಇದು ಅಂತ ನನ್ನ ಮನಸ್ಸು ಹೇಳುತ್ತಿದೆ.

ನಮ್ಮ ನಿರ್ದೇಶಕನ ಕ್ರಮ ನಿನಗೆ ಗೊತ್ತಲ್ಲ. ಕೋರ್ಟಿನ ದೃಶ್ಯವನ್ನು ಅವನು ತುಂಡು ತುಂಡಾಗಿ ತೆಗೆಯುವುದಿಲ್ಲ. ನಾಲ್ಕು ಕಡೆ ಕ್ಯಾಮೆರಾ ಇಟ್ಟು, ನಾಟಕದ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಮುಂಚೆಯಾದರೆ ನಾನು ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಈ ವರ್ಷ ಅವನಿಗೆ ಹೊಸ ಹುಚ್ಚು ಹಿಡಿದಿದೆ. ಬರೆದದ್ದನ್ನು ಒಪ್ಪಿಸಬೇಡಿ, ಎದುರಿನವರು ಏನಂದರೋ ಅದಕ್ಕೆ ನಿಮ್ಮದೇ ಮಾತಿನಲ್ಲಿ ಉತ್ತರ ಕೊಡಿ ಅನ್ನುತ್ತಾನೆ. ಇಂಥ ಹೊತ್ತಿನಲ್ಲಿ ಒಬ್ಬ ನಟ ಸುಮ್ಮಸುಮ್ಮನೆ ಮುಖ ಬದಲಾಯಿಸುವುದಿಲ್ಲ.

ನೀನು ನಗಬಹುದು. ಆದರೆ ಈ ಕುರ್ಚಿ ಹೋದರೆ ನನಗೆ ಇನ್ನೊಂದು ಸಿಗುವುದಿಲ್ಲ ಕಣೇ. ನನ್ನ ವಯಸ್ಸಿನವರಿಗೆ ಉಳಿದಿರುವುದು ಎರಡೇ ಪಾತ್ರ. ಒಂದು ಹಾಸಿಗೆ ಹಿಡಿದ ಅಜ್ಜಿ, ಇನ್ನೊಂದು ಫೋಟೋ ಆಗಿ ಗೋಡೆಗೆ ತಗುಲಿಕೊಂಡ ಅಜ್ಜಿ. ಎರಡಕ್ಕೂ ಮಾತಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ


ಮಾರ್ಚ್ 14

ಅಮ್ಮಾ,

ಕಾಗದ ಬರೆ ಅಂದೆ, ಬರೆಯುತ್ತಿದ್ದೇನೆ. ಕಕ್ಷಿದಾರರು ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದಾರೆ, ಒಳಗೆ ವಕೀಲರು ತಾಯಿಗೆ ಓಲೆ ಗೀಚುತ್ತಿದ್ದಾರೆ. ನನ್ನ ಗುಮಾಸ್ತರಂತೂ ವಿಚಿತ್ರವಾಗಿ ನೋಡುತ್ತಿದ್ದಾರೆ.

ಪುಟ್ಟಿಯ ವಿಷಯ ಎತ್ತಬೇಡ ಅಂದೆ. ಎತ್ತುತ್ತೇನೆ. ನಾನು ಸ್ನಾನ ಮುಗಿಸಿ ಬಂದಾಗ ಮಗುವಿನ ಗಂಟಲು ಕಟ್ಟಿಹೋಗಿತ್ತು ಅಮ್ಮಾ. ಮುಖ ಕೆಂಪಗೆ ಊದಿತ್ತು. ನಡುವೆ ಬಾಗಿಲು ತೆರೆದೇ ಇತ್ತು. ನೀನು ಕನ್ನಡಕ ಏರಿಸಿಕೊಂಡು ನಿನ್ನ ಸ್ಕ್ರಿಪ್ಟು ತಿರುವಿ ಹಾಕುತ್ತಾ ಕೂತಿದ್ದೆ, ನನ್ನನ್ನು ನೋಡಿ ನಕ್ಕೆ. ಆ ನಗು ನನ್ನ ಕಣ್ಣಿನಿಂದ ಹೋಗಿಲ್ಲ. ನಾನು ಕೂಗಾಡಿದ್ದು ತಪ್ಪಿರಬಹುದು. ಆದರೆ ನೀನು ಒಂದು ಮಾತು ಹೇಳದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದೆ.

ಸರಿ, ಅದನ್ನು ಬಿಡೋಣ. ಕಳೆದ ತಿಂಗಳು ಒಮ್ಮೆ ಫೋನ್ ಎತ್ತಿದ್ದೆಯಲ್ಲ, ಆಗ ನಾನು ಏನು ಹೇಳಿದೆ ನೆನಪಿದೆಯಾ? ಪುಟ್ಟಿಗೆ ಮೂರು ದಿನದಿಂದ ಜ್ವರ, ಭಯವಾಗುತ್ತಿದೆ ಅಂದೆ. ನೀನು, “ಒಳ್ಳೇದಾಯ್ತು ಬಿಡು, ಸಂತೋಷ” ಅಂದು ಇಟ್ಟುಬಿಟ್ಟೆ. ಮೊಮ್ಮಗಳಿಗೆ ಜ್ವರ ಅಂದರೆ ಸಂತೋಷಪಡುವ ಅಜ್ಜಿಯನ್ನು ನಾನು ಯಾವ ಕಥೆಯಲ್ಲೂ ಓದಿಲ್ಲ. ನಿನಗೆ ಅಲ್ಲಿ ಏನೋ ಇದೆ. ನನ್ನಿಂದ ಮುಚ್ಚಿಡುವಂಥದ್ದು. ಯಾರಾದರೂ ನಿನ್ನ ಕಿವಿ ಊದುತ್ತಿದ್ದಾರಾ? ನನ್ನ ಮದುವೆಯ ಹಳೆಯ ಕೋಪ ಇನ್ನೂ ಉಳಿದಿದೆಯಾ? ಇದ್ದರೆ ನೇರವಾಗಿ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಪಿ.ಪಿ.ಯ ಮೀಸೆಯ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಮೀಸೆ ತೆಗೆಯುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಅದಕ್ಕಿಂತ ದೊಡ್ಡ ಅಪರಾಧ ನೀನು ಪ್ರತಿ ಎಪಿಸೋಡಿನಲ್ಲೂ ಸುತ್ತಿಗೆ ಕುಟ್ಟುವುದು. ನಮ್ಮಲ್ಲಿ ಯಾವ ಜಡ್ಜೂ ಸುತ್ತಿಗೆ ಕುಟ್ಟುವುದಿಲ್ಲ. ಅದೇನು ಕೋರ್ಟೋ ಬಡಗಿ ಅಂಗಡಿಯೋ?

ನಿನ್ನ ಮಗಳು


ಏಪ್ರಿಲ್ 2

ಮಗಳೇ,

ಪುಟ್ಟಿಗೆ ಈಗ ಹೇಗಿದೆ? ಜ್ವರ ಬಿಟ್ಟಿತಾ? ಯಾವ ಡಾಕ್ಟರಿಗೆ ತೋರಿಸಿದೆ? ತೂಕ ಇಳಿದಿದೆಯಾ? ಎಲ್ಲವನ್ನೂ ವಿವರವಾಗಿ ಬರೆ. ಫೋನಿನಲ್ಲಿ ನಾನು ಏನಂದೆನೋ ನನಗೆ ನೆನಪಿಲ್ಲ, ಶೂಟಿಂಗ್ ಗಡಿಬಿಡಿಯಲ್ಲಿ ಏನೋ ಅಂದಿರಬೇಕು. ನಿನ್ನ ಮದುವೆಯ ಕೋಪ ನನಗೆ ಯಾವತ್ತೂ ಇರಲಿಲ್ಲ. ಇಲ್ಲಸಲ್ಲದ ಗುಮಾನಿ ಇಟ್ಟುಕೊಂಡು ಕೊರಗಬೇಡ.

ನನ್ನ ಗುಮಾನಿ ಮಾತ್ರ ಸುಳ್ಳಲ್ಲ. ಈಗ ಹೇಳುತ್ತೇನೆ ಕೇಳು, ನೀನೇ ತೀರ್ಮಾನ ಮಾಡು.

ಪಿ.ಪಿ. ಈಗೀಗ ನನ್ನ ಎದುರು ಮಾತಾಡುವಾಗ ಬಾಯಿ ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ ಆಡುತ್ತಾನೆ, ಒಂದನೇ ಕ್ಲಾಸಿನ ಮೇಷ್ಟ್ರ ಹಾಗೆ. ಸಾಕ್ಷಿಗೆ ಪ್ರಶ್ನೆ ಹಾಕಬೇಕಾದವನು ಸಾಕ್ಷಿಯ ಕಡೆಗೆ ತಿರುಗುವುದನ್ನೇ ಬಿಟ್ಟಿದ್ದಾನೆ. ಕಟಕಟೆಯಲ್ಲಿ ನಿಂತವನು ಅವನ ಬೆನ್ನು ನೋಡುತ್ತಾ ಉತ್ತರ ಕೊಡಬೇಕು, ಇವನು ಮಾತ್ರ ನನ್ನನ್ನೇ ದುರುಗುಟ್ಟಿ ನೋಡುತ್ತಾನೆ. ಮಾತು ಶುರು ಮಾಡುವ ಮುಂಚೆ ಪ್ರತಿ ಸಲವೂ ನನ್ನ ಮೇಜಿಗೆ ತಾಗಿಸಿಟ್ಟ ತನ್ನ ಮೇಜನ್ನು ಪೆನ್ನಿನಿಂದ ಕುಟ್ಟುತ್ತಾನೆ. ನಾನು ತಲೆ ಎತ್ತಿದರೆ ಶುರು ಮಾಡುತ್ತಾನೆ. ಏನಿದರ ಅರ್ಥ? ನಾನು ತೂಕಡಿಸುತ್ತಿದ್ದೇನೆ ಅಂತ ಜನರಿಗೆ ತೋರಿಸುತ್ತಿದ್ದಾನಾ?

ಅವನೊಬ್ಬನೇ ಅಲ್ಲ. ಆಪಾದಿತರ ಪರ ವಕೀಲೆಯಾಗಿ ನಟಿಸುವ ಹುಡುಗಿ ಒಬ್ಬಳಿದ್ದಾಳೆ, ಮೊಳದುದ್ದ ಇದ್ದಾಳೆ, ಗುಬ್ಬಿ ಅನ್ನುತ್ತೇವೆ. ಅವಳೂ ಸೇರಿಕೊಂಡಿದ್ದಾಳೆ. ನನ್ನ ಕುರ್ಚಿಯ ಕೆಳಗೆ ಕೂರುವ ಬೆಂಚ್ ಕ್ಲರ್ಕ್, ಪಾಪದ ಪ್ರಾಣಿ ಅಂದುಕೊಂಡಿದ್ದೆ, ಅವನೂ ನನ್ನ ಸರದಿ ಬಂದಾಗ ಫೈಲಿನ ಅಂಚನ್ನು ಸರಿಸುತ್ತಾನೆ. ನಾನು ಕೋಣೆಗೆ ಕಾಲಿಟ್ಟರೆ ಮೂವರ ಮಾತೂ ನಿಂತುಹೋಗುತ್ತದೆ. ಮೊನ್ನೆ ಬಾಗಿಲ ಸಂದಿಯಿಂದ ನೋಡಿದೆ. ಪಿ.ಪಿ. ಗುಬ್ಬಿಗೆ ಏನೋ ಹೇಳುತ್ತಾ ನನ್ನ ಖಾಲಿ ಕುರ್ಚಿಯತ್ತ ಕೈ ತೋರಿಸಿ, ತನ್ನ ತಲೆ ಮುಟ್ಟಿಕೊಂಡ. ಮುದುಕಿಗೆ ತಲೆ ಕೆಟ್ಟಿದೆ ಅಂತ ತಾನೇ? ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ.

ಇದರ ನಡುವೆ ಪತ್ರಿಕೆಯವರು ನಮ್ಮನ್ನು ಹೊಗಳಿ ಬರೆದಿದ್ದಾರೆ. ಕತ್ತರಿಸಿ ಕಳಿಸಿದ್ದೇನೆ, ನೋಡು. “ಈ ಕೋರ್ಟಿನಲ್ಲಿ ಯಾರೂ ಒಂಟಿಯಾಗಿ ನಟಿಸುವುದಿಲ್ಲ. ಒಬ್ಬರು ಮಾತಾಡಿದರೆ ಉಳಿದವರ ಮೈಯೆಲ್ಲ ಕಣ್ಣಾಗುತ್ತದೆ. ಕಿರುತೆರೆಯಲ್ಲಿ ಇಂಥ ಕೂಡಿ ನಟಿಸುವ ಕಲೆಯನ್ನು ನಾವು ಕಂಡಿರಲಿಲ್ಲ.” ಕೂಡಿ ನಟಿಸುವುದಂತೆ! ಕೂಡಿ ನನ್ನನ್ನು ಕೆಳಗಿಳಿಸುವ ಕಲೆ ಅಂತ ಬರೆಯಬೇಕಿತ್ತು. ನನ್ನ ಹೆಸರು ಇರುವುದು ನಾಲ್ಕನೆಯದಾಗಿ, ಬೆಂಚ್ ಕ್ಲರ್ಕಿನ ನಂತರ.

ಸುತ್ತಿಗೆಯ ವಿಷಯ ನಿರ್ದೇಶಕನಿಗೆ ಹೇಳಿದೆ. ಸುತ್ತಿಗೆ ಇಲ್ಲದಿದ್ದರೆ ಜಾಹೀರಾತಿಗೆ ಎಲ್ಲಿ ನಿಲ್ಲಿಸುವುದು ಅಂದ.

ನಿನ್ನ ಅಮ್ಮ


ಏಪ್ರಿಲ್ 11

ಅಮ್ಮಾ,

ಪುಟ್ಟಿ ಚೆನ್ನಾಗಿದ್ದಾಳೆ. ಎರಡು ಹಲ್ಲು ಬಂದಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಮೊನ್ನೆ ನನ್ನ ಒಂದು ದಾವೆಯ ಮೂಲೆಯನ್ನೇ ತಿಂದಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ತಾಯಿಯ ಕಾಗದದಂತೆ ಒಮ್ಮೆ, ದೂರಿನಂತೆ ಒಮ್ಮೆ. ದೂರಿನಂತೆ ಓದಿದರೆ ಅದರಲ್ಲಿ ಏನೂ ನಿಲ್ಲುವುದಿಲ್ಲ. ಒಬ್ಬ ಮನುಷ್ಯ ನಿನ್ನ ಮುಖ ನೋಡಿ ಸ್ಪಷ್ಟವಾಗಿ ಮಾತಾಡುತ್ತಾನೆ. ಇದು ಆರೋಪವೇ? ನನ್ನ ಎದುರಾಳಿ ವಕೀಲರು ಹೀಗೆ ಒಂದು ದಿನ ಮಾತಾಡಿದರೆ ನಾನು ಸಿಹಿ ಹಂಚುತ್ತೇನೆ.

ಅವರನ್ನು ನೀನು ಕೇಳಿದೆಯಾ? “ಯಾಕಪ್ಪಾ ಹೀಗೆ ಮಾಡ್ತೀಯ” ಅಂತ ಎದುರಿಗೆ ಕೂರಿಸಿಕೊಂಡು ಒಂದು ಸಲ ಕೇಳು. ಅವರ ಮಾತನ್ನೂ ಕೇಳದೆ ಮನಸ್ಸಿನಲ್ಲೇ ಶಿಕ್ಷೆ ಬರೆಯಬೇಡ. ಕುರ್ಚಿ ಎತ್ತರದಲ್ಲಿದೆ ಅಂತ ಎಲ್ಲ ಕಾಣುವುದಿಲ್ಲ ಅಮ್ಮಾ. ನೀನು ಮೊದಲಿನಿಂದಲೂ ಹೀಗೆಯೇ, ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮುಂದಿನ ತಿಂಗಳು ರಜೆ ಇದೆಯಾ? ಬಂದು ಹತ್ತು ದಿನ ಇರು. ನನಗೆ ದೊಡ್ಡ ಮೊಕದ್ದಮೆ ಇದೆ, ಹಗಲು ಪುಟ್ಟಿಯನ್ನು ನೀನೇ ನೋಡಿಕೊಳ್ಳಬಹುದು. ನಾನು ಹಳೆಯದನ್ನು ಮರೆತಿದ್ದೇನೆ.

ನಿನ್ನ ಮಗಳು


ಮೇ 6

ಮಗಳಿಗೆ,

ಬರಲು ಆಗುವುದಿಲ್ಲ. ಮಗುವನ್ನು ಇಡೀ ದಿನ ನನ್ನೊಬ್ಬಳ ಮೇಲೆ ಬಿಟ್ಟುಹೋಗುವ ಯೋಚನೆಯನ್ನೇ ಮಾಡಬೇಡ. ಒಳ್ಳೆಯ ಆಯಾ ಒಬ್ಬಳನ್ನು ಹುಡುಕಿಕೋ. ಇದಕ್ಕೆ ಕಾರಣ ಕೇಳಬೇಡ.

ಪಿ.ಪಿ.ಯ ಕೆಲಸ ಮುಗಿಯಿತು. ಹೋದ ವಾರ ದೊಡ್ಡ ವಾದದ ದೃಶ್ಯ ಇತ್ತು. ಗುಬ್ಬಿ ವಾದ ಮುಗಿಸಿದಳು. ನಾನು ಫೈಲು ನೋಡುತ್ತಿದ್ದೆ, ತಡವಾಯಿತು. ಇವನು ಪೆನ್ನಿನಿಂದ ಒಂದಲ್ಲ, ಎರಡಲ್ಲ, ಟಪಟಪ ಕುಟ್ಟಿದ. ಕೊನೆಗೆ ಮೇಜನ್ನೇ ತಳ್ಳಿದ. ನನ್ನ ಮೈ ಉರಿದುಹೋಯಿತು. ಎದ್ದು ಸೀದಾ ನಿರ್ದೇಶಕನ ಬಳಿ ಹೋಗಿ ಹೇಳಿದೆ, “ನೋಡಪ್ಪಾ, ಈ ಮನುಷ್ಯ ಬೇಕೂ ಅಂತ ನನ್ನ ಅಭಿನಯ ಕೆಡಿಸ್ತಿದ್ದಾನೆ. ಅವನಿದ್ದರೆ ನಾನಿಲ್ಲ. ನಾನಿರಬೇಕು ಅಂದ್ರೆ ಅವನು ಇರಬಾರದು.” ನಿರ್ದೇಶಕ ತಲೆ ಕೆರೆದುಕೊಂಡ. ಊರ ಗೋಡೆಗಳ ಪೋಸ್ಟರಿನಲ್ಲೆಲ್ಲ ಇರುವುದು ನನ್ನ ಚಿತ್ರವೇ ತಾನೇ! ಮಾರನೆಯ ದಿನ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿತು. ಸರ್ಕಾರಿ ವಕೀಲರಿಗೆ ಬೇರೆ ಊರಿಗೆ ವರ್ಗವಾಗಿದೆ. ಅಷ್ಟೇ.

ಅವನು ಹೋಗುವ ಮುಂಚೆ ಬಂದು ಕೈ ಮುಗಿದ. ವಾದ ಮಾಡಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಕಳ್ಳನಲ್ಲದಿದ್ದರೆ ಕೇಳುತ್ತಿರಲಿಲ್ಲವೇ? ಗುಬ್ಬಿ ಮಾತ್ರ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿತ್ತು.

ನೀನು ಕೇಳು ಕೇಳು ಅಂದಿದ್ದೆ. ಕೇಳಲಿಲ್ಲ. ನನಗೆ ಅಗತ್ಯ ಕಾಣಲಿಲ್ಲ. ಗೆದ್ದಿದ್ದೇನೆ ಅಂತ ನಿನಗೆ ತಿಳಿಸಲು ಬರೆದೆ, ಆದರೆ ಯಾಕೋ ಊಟ ಸೇರುತ್ತಿಲ್ಲ.

ಅಮ್ಮ


ಮೇ 19

ಅಮ್ಮಾ,

ನಿನ್ನ ಹಿಂದಿನ ಕಾಗದ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಉತ್ತರವನ್ನೇ ಬರೆಯಬಾರದು ಅಂದುಕೊಂಡಿದ್ದೆ. ಈಗ ಬೇರೆಯೇ ಕಾರಣಕ್ಕೆ ಬರೆಯುತ್ತಿದ್ದೇನೆ. ಇದನ್ನು ಕೂತು ಓದು.

ಭಾನುವಾರ ಮಧ್ಯಾಹ್ನ ಪುಟ್ಟಿ ನನ್ನ ಹೆಗಲ ಮೇಲೆಯೇ ನಿದ್ದೆ ಹೋದಳು. ಕೆಳಗೆ ಹಾಕಿದರೆ ಏಳುತ್ತಾಳೆ, ಶಬ್ದವಾದರೂ ಏಳುತ್ತಾಳೆ. ಅದಕ್ಕೆ ಟಿ.ವಿ.ಯ ಶಬ್ದ ಪೂರ್ತಿ ತೆಗೆದು ನಿಮ್ಮ ಹಳೆಯ ಎಪಿಸೋಡುಗಳನ್ನು ಹಾಕಿಕೊಂಡೆ, ಒಂದಾದ ಮೇಲೊಂದು. ಒಂದು ಗಂಟೆ ಕಳೆದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನನಗೆ ಎಲ್ಲವೂ ಅರ್ಥವಾಗುತ್ತಿತ್ತು ಅಮ್ಮಾ. ಒಂದು ಮಾತೂ ಕೇಳಿಸದೆ ಇಡೀ ಮೊಕದ್ದಮೆ ಅರ್ಥವಾಗುತ್ತಿತ್ತು.

ಯಾಕೆಂದು ನೋಡುತ್ತಾ ಹೋದೆ. ಪಿ.ಪಿ. ಮೇಜು ಕುಟ್ಟುತ್ತಾರೆ, ನೀನು ತಲೆ ಎತ್ತುತ್ತೀಯ, ಆಮೇಲೆಯೇ ಅವರ ತುಟಿ ಅಲುಗುತ್ತದೆ. ಗುಬ್ಬಿ ಮಾತು ಮುಗಿಸಿದ ಕೂಡಲೆ ಬೆಂಚ್ ಕ್ಲರ್ಕಿನ ಕಡೆ ನೋಡುತ್ತಾಳೆ, ಅವರು ಫೈಲಿನ ಅಂಚು ಸರಿಸುತ್ತಾರೆ, ನೀನು ಮಾತು ಶುರು ಮಾಡುತ್ತೀಯ. ಆ ಕೋಣೆಯಲ್ಲಿ ಒಬ್ಬರೂ ನಿನಗೆ ಬೆನ್ನು ಹಾಕಿ ಮಾತಾಡುವುದಿಲ್ಲ. ನಾನು ದಿನಾ ಕೋರ್ಟಿನಲ್ಲಿ ನಿಲ್ಲುವವಳು. ನಾವು ಕಾಗದ ನೋಡಿ ಮಾತಾಡುತ್ತೇವೆ, ಗಡಿಯಾರ ನೋಡಿ ಮಾತಾಡುತ್ತೇವೆ, ಎದುರಾಳಿಯನ್ನು ಕೆಕ್ಕರಿಸಿ ಮಾತಾಡುತ್ತೇವೆ. ಯಾರೂ ಯಾವ ಜಡ್ಜನ್ನೂ ಹೀಗೆ ನೋಡಿಕೊಳ್ಳುವುದಿಲ್ಲ. ಮುಂಚಿನ ವರ್ಷದ ಎಪಿಸೋಡುಗಳನ್ನೂ ಹಾಕಿ ನೋಡಿದೆ. ಅವುಗಳಲ್ಲಿ ಪಿ.ಪಿ.ಗೆ ಆ ದಪ್ಪ ಮೀಸೆ ಇದೆ. ತುಟಿಯೇ ಕಾಣುವುದಿಲ್ಲ.

ಆಮೇಲೆ ಜ್ವರ ಅಂದಾಗ ನೀನು ಸಂತೋಷ ಅಂದದ್ದು ನೆನಪಾಯಿತು. ತೆರೆದ ಬಾಗಿಲು ನೆನಪಾಯಿತು. ನನ್ನನ್ನು ನೋಡಿ ನೀನು ನಕ್ಕದ್ದು.

ಅಮ್ಮಾ, ನಿನಗೆ ಕಿವಿ ಕೇಳಿಸುತ್ತಿಲ್ಲವಾ?

ನನಗೆ ಅಳು ನಿಲ್ಲುತ್ತಿಲ್ಲ. ಏನಾದರೂ ಬರೆ. ಬೈದಾದರೂ ಬರೆ.

ನಿನ್ನ ಮಗಳು


ಜೂನ್ 17

ಮಗಳೇ,

ನಿನ್ನ ಕಾಗದ ಬಂದು ಒಂದು ತಿಂಗಳಾಗುತ್ತಾ ಬಂತು. ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ.

ಹೌದು. ಎರಡು ವರ್ಷವಾಯಿತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಶಬ್ದ ಇದೆ, ಮಾತಿಲ್ಲ, ಪಕ್ಕದ ಮನೆಯಲ್ಲಿ ಯಾರೋ ಜಗಳವಾಡಿದ ಹಾಗೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಗೋಡೆಗೂ ಕಿವಿ ಇರುತ್ತದಂತೆ, ನನಗೆ ಇಲ್ಲ ಅಂತ ಯಾರಿಗೆ ಹೇಳಲಿ? ಹೇಳಿದರೆ ಕುರ್ಚಿ ಹೋಗುತ್ತದೆ. ಪುಟ್ಟಿ ಅತ್ತದ್ದು ನನಗೆ ಕೇಳಲಿಲ್ಲ ಕಣೇ. ನೀನು ಬಾಗಿಲಲ್ಲಿ ನಿಂತಾಗ, ಮಿಂದು ಬಂದಳು ಮಗಳು ಅಂತ ನಕ್ಕೆ. ಮಗುವಿನ ಮುಖ ನೋಡಿದ ಮೇಲೆ ತಿಳಿಯಿತು. ಆವತ್ತಿನಿಂದ ನನಗೆ ನನ್ನ ಮೇಲೆಯೇ ಹೆದರಿಕೆ. ಹತ್ತು ದಿನ ಬಾ ಅಂದಾಗ ಬರುವ ಆಸೆ ಎಷ್ಟಿತ್ತು ಗೊತ್ತಾ? ಮಗು ತೊಟ್ಟಿಲಲ್ಲಿ ಉಸಿರು ಕಟ್ಟಿ ಕೂಗಿದರೂ ಇವಳು ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೂರುತ್ತಾಳೆ ಅಂತ ಹೇಗೆ ಬರೆಯಲಿ?

ಇನ್ನೊಂದು ವಿಷಯ. ಪಿ.ಪಿ. ಗುಬ್ಬಿಗೆ ತಲೆ ಮುಟ್ಟಿ ತೋರಿಸಿದ ಅಂತ ನಿನಗೆ ಬರೆದಿದ್ದೆ. ತಲೆಯಲ್ಲ, ಕಿವಿ. ನಾನು ಕಂಡದ್ದು ಕಿವಿಯೇ. ಇವನಿಗೆ ಗೊತ್ತಾಗಿಬಿಟ್ಟಿದೆ, ಇನ್ನು ನಿರ್ದೇಶಕನಿಗೆ ಹೇಳುತ್ತಾನೆ, ನನ್ನ ಅನ್ನ ಕಸಿಯುತ್ತಾನೆ ಅಂತ ನಡುಗಿಹೋದೆ. ಅದಕ್ಕೇ ಅವನಿಗಿಂತ ಮುಂಚೆ ನಾನು ನಿರ್ದೇಶಕನ ಹತ್ತಿರ ಹೋದೆ.

ಹೊಸ ಸರ್ಕಾರಿ ವಕೀಲ ಬಂದ. ಗಡ್ಡಧಾರಿ. ಸಾಕ್ಷಿಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ, ಅತ್ತಿತ್ತ ಅಡ್ಡಾಡುತ್ತಾ ಮಾತಾಡುತ್ತಾನೆ. ತಪ್ಪೇನಿಲ್ಲ, ಎಲ್ಲರೂ ಹಾಗೆಯೇ ಮಾತಾಡುವುದು. ಮೊದಲ ದಿನ ದೃಶ್ಯ ಶುರುವಾಯಿತು. ಅವನ ಬೆನ್ನು ಅಲುಗುವುದು ಕಾಣುತ್ತಿತ್ತು. ಮುಗಿಸಿದನೋ ಇಲ್ಲವೋ ಗೊತ್ತಿಲ್ಲ. ಬೆಂಚ್ ಕ್ಲರ್ಕ್ ಫೈಲು ಸರಿಸಿದ. ನಾನು ಬಾಯಿಗೆ ಬಂದದ್ದು ಹೇಳಿದೆ, “ಆಕ್ಷೇಪಣೆ ತಳ್ಳಿಹಾಕಲಾಗಿದೆ” ಅಂದೆ. ಯಾರೂ ಆಕ್ಷೇಪಣೆ ಎತ್ತಿರಲಿಲ್ಲ. ಅವನು, ನನ್ನ ಮಗನಾಗುವ ವಯಸ್ಸಿನವನು, ಜಡ್ಜಿಗೆ ಒಂದು ಲೋಟ ನೀರು ಬೇಕೇ ಅಂತ ಕೇಳಿದನಂತೆ, ಅವನದೇ ಮಾತಿನಲ್ಲಿ, ನಿರ್ದೇಶಕ ಕಲಿಸಿದ ಹಾಗೆ. ಮತ್ತೆ ಮೊದಲಿನಿಂದ ಮಾಡಿದೆವು. ಮತ್ತೆ ತಪ್ಪಿದೆ. ಮತ್ತೆ. ಲೈಟು ಹಿಡಿದವರು ಮುಸಿಮುಸಿ ನಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಪೆನ್ನಿನ ಸದ್ದು, ಮಗಳೇ. ಅದು ನನಗೆ ಕೇಳಿಸುತ್ತಲೂ ಇರಲಿಲ್ಲ, ಮೇಜಿನ ಮೇಲೆ ಇಟ್ಟ ಕೈಗೆ ತಾಗುತ್ತಿತ್ತು.

ಗುಬ್ಬಿ ನನ್ನನ್ನು ಮೇಕಪ್ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು, “ಈಗಲಾದ್ರೂ ಗೊತ್ತಾಯ್ತಾ ಅಮ್ಮಾ? ಈ ಫೆಬ್ರವರಿಲಿ ನಿಮ್ಮ ಬೆನ್ನ ಹಿಂದೆ ಲೋಟ ತುಂಬಿದ ತಟ್ಟೆ ಬಿತ್ತು. ನಾವೆಲ್ಲ ಬೆಚ್ಚಿಬಿದ್ವಿ, ನೀವು ಓದ್ತಾನೇ ಇದ್ರಿ. ಅವತ್ತೇ ಪಿ.ಪಿ. ನಮ್ಮನ್ನ ಒಟ್ಟು ಸೇರಿಸಿದ್ರು. ಯಾರೂ ಬೆನ್ನು ಹಾಕಿ ಮಾತಾಡಬಾರದು, ಜಡ್ಜಮ್ಮಂಗೂ ಗೊತ್ತಾಗಬಾರದು, ಡೈರೆಕ್ಟರಿಗೂ ಗೊತ್ತಾಗಬಾರದು ಅಂದ್ರು. ನಮ್ಮ ಹತ್ರ ಆಣೆ ಹಾಕಿಸ್ಕೊಂಡ್ರು. ಆ ಮೀಸೆ ತೆಗೆದಾಗ ಅವರ ಹೆಂಡ್ತಿ ಎರಡು ದಿನ ಮಾತು ಬಿಟ್ಟಿದ್ರು.”

“ಅವನನ್ನ ತೆಗೆದಾಗ ಯಾಕೆ ಸುಮ್ಮನಿದ್ರಿ?” ಅಂದೆ.

“ನಾನು ಹೇಳಕ್ಕೆ ಹೊರಟಿದ್ದೆ. ಅವರೇ ಕೈ ಹಿಡ್ಕೊಂಡು ತಡೆದ್ರು. ಬೇಡ ಗುಬ್ಬಿ, ನನಗೆ ಎಲ್ಲಾದ್ರೂ ಇನ್ನೊಂದು ಕೆಲಸ ಸಿಗುತ್ತೆ, ಅವರಿಗೆ ಇನ್ನೊಂದು ಕುರ್ಚಿ ಸಿಗಲ್ಲ ಅಂದ್ರು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪತ್ರಿಕೆಯವರು ಹೊಗಳಿದ ಆ ಕೂಡಿ ನಟಿಸುವ ಕಲೆ ಏನು ಅಂತ ನನಗೆ ಆಗ ಗೊತ್ತಾಯಿತು. ಅಲ್ಲಿ ನಟಿಸದೆ ಇದ್ದವಳು ನಾನೊಬ್ಬಳೇ. ಎಲ್ಲರ ಕಣ್ಣೂ ನನ್ನನ್ನು ಕಾಯುತ್ತಿದ್ದಾಗ ನಾನು ಅವೇ ಕಣ್ಣುಗಳಲ್ಲಿ ಕಳ್ಳತನ ಹುಡುಕುತ್ತಿದ್ದೆ. ನಾಚಿಕೆಯಾಗುತ್ತದೆ.

ಸೆಟ್ಟಿಗೆ ಹಿಂದಿರುಗಿ ಕುರ್ಚಿ ಹತ್ತಲಿಲ್ಲ. ಕಟಕಟೆಯ ಹತ್ತಿರ ನಿಂತು ಎಲ್ಲರೆದುರು ಹೇಳಿದೆ, “ನನಗೆ ಕಿವಿ ಕೇಳಿಸಲ್ಲ. ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ. ಪಿ.ಪಿ. ನನ್ನನ್ನ ಕಾಪಾಡ್ತಿದ್ದ, ನಾನು ಅವನ ಮೇಲೆ ಸುಳ್ಳು ದೂರು ಹೇಳಿ ತೆಗೆಸಿದೆ. ಅವನನ್ನ ವಾಪಸ್ ಕರೀರಿ. ನನ್ನನ್ನ ಬೇಕಾದ್ರೆ ಇಟ್ಕೊಳ್ಳಿ, ಬೇಡವಾದ್ರೆ ಬಿಡಿ.” ನಿರ್ದೇಶಕ ಕೈ ಎತ್ತಿ ಕ್ಯಾಮೆರಾ ನಿಲ್ಲಿಸಿದ. ಆಮೇಲೆ ನನ್ನ ಎದುರಿಗೆ ಬಂದು ಜೋರಾಗಿ ಕಿರುಚಿದ. ಕಿರುಚಬೇಡಪ್ಪಾ, ನಿಧಾನಕ್ಕೆ ಹೇಳು ಅಂದೆ. ಕಿವಿಗೆ ಯಂತ್ರ ಹಾಕಿಕೊಂಡು ಬನ್ನಿ, ಜಡ್ಜಿಗೂ ಯಂತ್ರ ಇರಲಿ, ಜನ ನೋಡಲಿ ಅಂದ. ಪಿ.ಪಿ.ಗೆ ಫೋನ್ ಮಾಡಿದರೆ ಎತ್ತುತ್ತಿಲ್ಲವಂತೆ.

ಅಮ್ಮ


ಜೂನ್ 24

ಅಮ್ಮಾ,

ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ನಾನೂ ವಿಚಾರಣೆ ಮಾಡದೆ ನಿನಗೆ ಶಿಕ್ಷೆ ಕೊಟ್ಟವಳೇ. ತಾಯಿಗೆ ತಕ್ಕ ಮಗಳು. ಅದಕ್ಕೆ ನಿನ್ನ ಎದುರಿಗೆ ಬಂದು ಕ್ಷಮೆ ಕೇಳುತ್ತೇನೆ, ಕಾಗದದಲ್ಲಿ ಅಲ್ಲ. ಕೋರ್ಟಿಗೆ ರಜೆ ಬಂದ ಕೂಡಲೆ ಪುಟ್ಟಿಯನ್ನು ಕರೆದುಕೊಂಡು ಬರುತ್ತೇವೆ.

ಪಿ.ಪಿ.ಗೆ ಕಾಗದ ಬರೆಯಬೇಡ. ಬೇರೆಯವರ ಕೈಯಲ್ಲಿ ಹೇಳಿಕಳಿಸಲೂಬೇಡ. ನೀನೇ ಅವರ ಮನೆಗೆ ಹೋಗು. ಏನಂದರೂ ಕೇಳಿಕೊಂಡು ಬಾ.

ನಿನ್ನ ಮಗಳು


ಜುಲೈ 1

ಮಗಳಿಗೆ ಆಶೀರ್ವಾದ.

ಹೋಗಿದ್ದೆ. ಕಿವಿಯ ಅಳತೆ ಕೊಟ್ಟು ಬಂದಿದ್ದೇನೆ, ಯಂತ್ರ ಬರಲು ಇನ್ನೂ ಒಂದು ವಾರ ಬೇಕಂತೆ. ಅಲ್ಲಿಯವರೆಗೆ ಕಾಯಲು ಮನಸ್ಸು ತಡೆಯಲಿಲ್ಲ.

ಒಂದು ಹೊಲಿಗೆ ಅಂಗಡಿಯ ಮೇಲಿನ ಮನೆ. ಕಿರಿದಾದ ಮೆಟ್ಟಿಲು. ಅವನ ಹೆಂಡತಿ ಬಾಗಿಲು ತೆರೆದಳು. ನನ್ನ ಗುರುತು ಹಿಡಿದಳು, ಕೂರಿ ಅನ್ನಲಿಲ್ಲ. ನಾನೇ ಕೇಳಿದೆ, “ನನ್ನ ಮುಖ ನೋಡಿ ಮಾತಾಡಮ್ಮಾ, ನನಗೆ ಕೇಳಿಸಲ್ಲ.” ಅವಳು ಹೇಳಿದಳು, “ಗೊತ್ತು. ಅವರು ಕನ್ನಡಿ ಮುಂದೆ ನಿಂತು, ಶಬ್ದ ಮಾಡದೆ ಡೈಲಾಗ್ ಹೇಳ್ಕೊಂಡು, ನಿನಗೆ ಅರ್ಥ ಆಗುತ್ತಾ ನೋಡು ಅಂತ ನನ್ನನ್ನ ದಿನಾ ಕೇಳ್ತಿದ್ರು. ಕೆಲಸ ಹೋದ ಮೇಲೆ ಬೇರೆ ಏನೂ ಅನ್ನಲಿಲ್ಲ. ನಾನು ಏನು ತಪ್ಪು ಮಾಡ್ದೆ ಅಂತ ಅಷ್ಟೇ ಕೇಳ್ತಿದ್ರು. ನಾನು ಏನು ಹೇಳ್ಲಿ?”

ಅವನು ಒಳಗಿನಿಂದ ಬಂದ. ಮೀಸೆ ಅರ್ಧ ಬೆಳೆದಿತ್ತು. ನಾನು ಕೈ ಮುಗಿದೆ. “ತಪ್ಪಾಯ್ತಪ್ಪಾ. ಎಲ್ಲರ ಮುಂದೆ ಹೇಳಿದ್ದೀನಿ. ಡೈರೆಕ್ಟರ್ ಒಪ್ಪಿದ್ದಾನೆ, ನಿನ್ನ ವಕೀಲನ ಪಾತ್ರ ಇನ್ನೊಂದು ವರ್ಗಾವಣೆ ಆಗಿ ವಾಪಸ್ ಬರುತ್ತೆ. ನಾಳೆಯಿಂದಲೇ ಬಾ” ಅಂದೆ.

ಅವನು ಕಿಟಕಿಯ ಕಡೆ ತಿರುಗಿಕೊಂಡ. ಬೀದಿ ನೋಡುತ್ತಾ ಏನೋ ಹೇಳಿದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಹೆಗಲು ಸ್ವಲ್ಪ ಅಲುಗಿತು. ನನ್ನ ಕಿವಿಯ ವಿಷಯ ತಿಳಿದ ಮೇಲೆ ಆ ಮನುಷ್ಯ ನನಗೆ ಬೆನ್ನು ಹಾಕಿ ಮಾತಾಡಿದ್ದು ಅದೇ ಮೊದಲು.

ಹಿಂದಿನ ನಾನಾಗಿದ್ದರೆ ಸರಿ ಸರಿ ಅಂತ ತಲೆಯಾಡಿಸಿ, ನಕ್ಕು, ಬಂದುಬಿಡುತ್ತಿದ್ದೆ. ಎರಡು ವರ್ಷ ಎಲ್ಲರ ಹತ್ತಿರವೂ ಮಾಡಿದ್ದು ಅದನ್ನೇ. ಆವತ್ತು ಆಗಲಿಲ್ಲ. “ನನಗೆ ಕೇಳಿಸಲಿಲ್ಲಪ್ಪಾ. ಇನ್ನೊಂದು ಸಲ ಹೇಳು” ಅಂದೆ. ಕಿವಿ ಹೋದ ಮೇಲೆ, ಇನ್ನೊಂದು ಸಲ ಹೇಳು ಅಂತ ನಾನು ಬಾಯಿಬಿಟ್ಟು ಯಾರನ್ನಾದರೂ ಕೇಳಿದ್ದು ಅದೇ ಮೊದಲು.

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು. ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು, ಹೋಗಿ ದೀಪ ಹಾಕಿದ. ಒಂದು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತ. ಬೆಳೆಯುತ್ತಿದ್ದ ಮೀಸೆಯನ್ನು ಎರಡು ಬೆರಳಿನಿಂದ ತುಟಿಯ ಮೇಲಿಂದ ಸರಿಸಿಕೊಂಡ. ಆಮೇಲೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

“ನಾನು ಬರಲ್ಲ ಅಂದೆ, ಅಮ್ಮಾ.”

ಚೆನ್ನಾಗಿ ಅರ್ಥವಾಯಿತು. ಹೆಂಡತಿ ನೀರು ತಂದುಕೊಟ್ಟಳು, ಕುಡಿದು ಎದ್ದೆ. ನಾನು ಮೆಟ್ಟಿಲು ಇಳಿಯುವಾಗ ಅವನು ನನ್ನ ಕೈ ಹಿಡಿದುಕೊಂಡು ಕೆಳಗಿನವರೆಗೂ ಬಂದ. ನಾಳೆ ಬೆಳಿಗ್ಗೆ ಶೂಟಿಂಗ್ ಇದೆ, ಹೋಗಬೇಕು.

ನಿನ್ನ ಅಮ್ಮ